ದಿಢೀರ್ ಗೊಂದಲವೂ ಡಿಮೆನ್ಷಿಯಾದ್ದೇನಾ? ಎಮರ್ಸನ್ ಅವರ ಕೊನೆಯ ದಿನಗಳು ಹೇಳುವುದೇನು

ಡಿಮೆನ್ಷಿಯಾ ಇರುವ ಹಿರಿಯರು ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದರೆ, ಮರೆವಿನ ಕಾಯಿಲೆ ಜಾಸ್ತಿಯಾಗಿದೆ ಅಷ್ಟೇ ಎಂದು ಮನೆಯವರು ಸುಮ್ಮನಾಗುವುದುಂಟು. ಇದು ಸರಿಯೇ? ಅಮೆರಿಕದ ಚಿಂತಕ ರಾಲ್ಫ್ ವಾಲ್ಡೊ ಎಮರ್ಸನ್ ಅವರ ಬದುಕನ್ನು ನೋಡೋಣ.

1803ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಎಮರ್ಸನ್ ಪಾದ್ರಿ ಕೆಲಸ ಬಿಟ್ಟು ಭಾಷಣ, ಬರವಣಿಗೆಗೆ ಇಳಿದವರು. ಥೋರೋಗೆ ಗುರುವಿನಂತಿದ್ದರು, ಭಗವದ್ಗೀತೆ ಓದಿ ಮೆಚ್ಚಿದ್ದರು. 1870ರ ದಶಕದಲ್ಲಿ ನೆನಪು ಕೈಕೊಡತೊಡಗಿತು. 1872ರ ಜುಲೈನಲ್ಲಿ ಕಾಂಕರ್ಡ್‌ನ ಮನೆಗೆ ಬೆಂಕಿ ಬಿದ್ದ ಮೇಲೆ ಅದು ಎಲ್ಲರ ಕಣ್ಣಿಗೂ ಬಿತ್ತು. ವಸ್ತುವಿನ ಹೆಸರು ಹೊಳೆಯದಿದ್ದರೆ ಅದರ ಉಪಯೋಗ ಹೇಳಿ ಅರ್ಥಮಾಡಿಸುತ್ತಿದ್ದರು. ಮಗಳು ಎಲೆನ್ ಸದಾ ಜೊತೆಗಿದ್ದರು. 1882ರ ಮಾರ್ಚ್‌ನಲ್ಲಿ ಕವಿ ಲಾಂಗ್‌ಫೆಲೊ ಅವರ ಅಂತ್ಯಕ್ರಿಯೆಗೆ ಹೋದಾಗ, ಆ ಹಳೆಯ ಗೆಳೆಯನ ಹೆಸರೇ ಅವರಿಗೆ ನೆನಪಾಗಲಿಲ್ಲ.

ಇಷ್ಟಕ್ಕೆಲ್ಲ ಸುಮಾರು ಹತ್ತು ವರ್ಷ ಹಿಡಿಯಿತು. ಆಮೇಲೆ ಆದದ್ದು ಕೆಲವೇ ದಿನಗಳಲ್ಲಿ.

ಏಪ್ರಿಲ್‌ನಲ್ಲಿ ಶೀತವಾಗಿ ನ್ಯುಮೋನಿಯಾಕ್ಕೆ ತಿರುಗಿತು. (ಮಳೆಯಲ್ಲಿ ನೆನೆದದ್ದೇ ಕಾರಣ ಎಂಬ ಮಾತಿದೆ. ಆದರೆ ನ್ಯುಮೋನಿಯಾ ತರುವುದು ಸೋಂಕು, ಮಳೆನೀರಲ್ಲ.) ತಮ್ಮದೇ ಮನೆಯಲ್ಲಿದ್ದರೂ ಬೇರೆಲ್ಲೋ ಕಾಯಿಲೆ ಬಿದ್ದಿದ್ದೇನೆ, ಮನೆಗೆ ಹೋಗಬೇಕು ಎಂಬ ಭಾವನೆ ಅವರನ್ನು ಕಾಡಿತು. ಓದುವ ಕೋಣೆಯಲ್ಲಿ ಕಳೆದ ಕೊನೆಯ ಸಂಜೆ ಮಾತ್ರ ಯಾರ ನೆರವೂ ಬೇಡವೆಂದು ಒಲೆಯ ಕೊಳ್ಳಿಗಳನ್ನು ತಾವೇ ಬಿಡಿಸಿಟ್ಟು, ದೀಪ ಹಿಡಿದು ಮಹಡಿ ಹತ್ತಿದರು. ಏಪ್ರಿಲ್ 27ರಂದು ತೀರಿಕೊಂಡರು. ಪೆನಿಸಿಲಿನ್ ಪತ್ತೆಯಾಗಲು ಇನ್ನೂ 46 ವರ್ಷ ಬಾಕಿಯಿತ್ತು.

ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಶುರುವಾಗುವ ಇಂಥ ಗೊಂದಲಕ್ಕೆ ಇಂದು ಡೆಲಿರಿಯಂ ಎನ್ನುತ್ತಾರೆ. ಎಮರ್ಸನ್ ಅವರಿಗೆ ಆದದ್ದು ಅದೇ ಎಂದು ನಾವು ತೀರ್ಪು ಕೊಡುತ್ತಿಲ್ಲ, ಚಿತ್ರ ಮಾತ್ರ ಅದಕ್ಕೆ ಹೋಲುತ್ತದೆ. ಡೆಲಿರಿಯಂನಲ್ಲಿ ಬೆಳಗ್ಗೆ ಸರಿಯಿದ್ದವರು ಸಂಜೆ ತಡಬಡಿಸಬಹುದು, ಇಲ್ಲದ್ದನ್ನು ಕಾಣಬಹುದು. ಕೆಲವರು ಗಲಾಟೆ ಮಾಡದೆ ಮಂಕಾಗಿ ಮಲಗಿಬಿಡುತ್ತಾರೆ. ಇದೇ ಹೆಚ್ಚು ಮೋಸ ಮಾಡುವುದು, ಏಕೆಂದರೆ ಸದ್ಯ ಶಾಂತವಾದರು ಎಂದು ಮನೆಯವರು ಸಮಾಧಾನಪಡುತ್ತಾರೆ. ಹಿಂದೆ ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನ ಕೊರತೆ, ಮಲಬದ್ಧತೆ, ನೋವು ಅಥವಾ ಹೊಸ ಮಾತ್ರೆ ಇರಬಹುದು. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಬಾರದೆ ಇರಬಹುದು. ಕಾರಣ ಹಿಡಿದು ಚಿಕಿತ್ಸೆ ಕೊಟ್ಟರೆ ಎಷ್ಟೋ ಮಂದಿ ಮೊದಲಿನಂತಾಗುತ್ತಾರೆ.

ಹಾಗಾಗಿ ಅದೇ ದಿನ ವೈದ್ಯರಿಗೆ ತೋರಿಸಿ. ಮುಖ ಸೊಟ್ಟಗಾದರೆ, ಒಂದು ಕಡೆಯ ಕೈ ಸೋತರೆ, ಮಾತು ತೊದಲಿದರೆ ಅಥವಾ ಎಚ್ಚರಿಸಿದರೂ ಏಳದಿದ್ದರೆ ಕಾಯದೆ 108ಕ್ಕೆ ಕರೆ ಮಾಡಿ. ನಿದ್ದೆ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ. ಕನ್ನಡಕ, ಶ್ರವಣಯಂತ್ರ ಹಾಕಿಸಿ, ಪರಿಚಿತರೊಬ್ಬರು ಪಕ್ಕದಲ್ಲಿರಲಿ. ಎಲ್ಲ ಮಾತ್ರೆಗಳನ್ನೂ ಆಸ್ಪತ್ರೆಗೆ ಒಯ್ಯಿರಿ. ಮೊನ್ನೆಯವರೆಗೆ ಹೇಗಿದ್ದರು, ಯಾವಾಗಿನಿಂದ ಹೀಗಾದರು ಎಂಬುದನ್ನು ಮೊದಲೇ ಹೇಳಿ. ಅವರನ್ನು ಅಂದೇ ಮೊದಲ ಸಲ ನೋಡುವ ವೈದ್ಯರಿಗೆ ಅದು ಗೊತ್ತಿರುವುದಿಲ್ಲ.