ಅಂಧ ಪಾರ್ಲಿಮೆಂಟು ಸದಸ್ಯ ಹೆನ್ರಿ ಫಾಸೆಟ್

1858ನೆಯ ಇಸವಿ ಸೆಪ್ಟೆಂಬರ್ 17ರಂದು ಇಂಗ್ಲೆಂಡಿನ ಸಾಲ್ಸ್‌ಬರಿ ಪಟ್ಟಣದ ಬಳಿಯ ಹಾರ್ನಮ್ ಗುಡ್ಡದಲ್ಲಿ ತಂದೆ ಮಗ ಇಬ್ಬರೂ ಕೌಜುಗದ ಬೇಟೆಗೆ ಹೋಗಿದ್ದರು. ತಂದೆಯ ಒಂದು ಕಣ್ಣಿನ ದೃಷ್ಟಿ ಮಂದವಾಗಿತ್ತು. ಹಕ್ಕಿಯನ್ನು ಗುರಿಯಿಟ್ಟು ಆತ ಹಾರಿಸಿದ ಕೋವಿಯ ಚರೆಗಳು ಮಗನ ಎರಡು ಕಣ್ಣುಗಳನ್ನೂ ಹೊಕ್ಕವು. ಆ ಮಗನೇ ಹೆನ್ರಿ ಫಾಸೆಟ್. ಆಗ ಅವನಿಗೆ 25 ವರ್ಷ. ಎರಡು ವರ್ಷಗಳ ಹಿಂದೆ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಏಳನೆಯ ರ‍್ಯಾಂಗ್ಲರ್ ಆಗಿ ತೇರ್ಗಡೆಯಾಗಿ, ವಕೀಲನಾಗಿ ಪಾರ್ಲಿಮೆಂಟು ಸೇರಬೇಕೆಂದು ಹಂಬಲಿಸಿದ್ದವನು.

ಕಣ್ಣು ಹೋದ ಕೆಲವೇ ನಿಮಿಷಗಳಲ್ಲಿ ಫಾಸೆಟ್ಟನು ತನ್ನ ಜೀವನದ ಗುರಿಯನ್ನು ಬದಲಿಸಬಾರದೆಂದು ನಿಶ್ಚಯಿಸಿದನಂತೆ. ಆದರೆ ತಂದೆಯ ಎದೆ ಒಡೆದು ಹೋಗಿತ್ತು. ಆ ವೃದ್ಧನ ಎದುರಿನಲ್ಲಿ ಮಗನು ಸದಾ ಗೆಲವಾಗಿರಲು ಯತ್ನಿಸಿದನು. ಗೆಳೆಯರಿಂದ ಬಂದ ಸಂತಾಪದ ಕಾಗದಗಳು ಅವನನ್ನು ಕುಗ್ಗಿಸಿದುವೇ ಹೊರತು ಸಂತೈಸಲಿಲ್ಲ. ಅವನ ಗಣಿತದ ಗುರು ಹಾಪ್ಕಿನ್ಸ್ ಬರೆದ ಒಂದು ಪತ್ರ ಮಾತ್ರ, ಕಣ್ಣಿಲ್ಲದೆಯೂ ಮಾಡಬಹುದಾದ ವ್ಯಾಸಂಗಗಳಿವೆಯೆಂದು ತಿಳಿಸಿ, ಅವನನ್ನು ಎಬ್ಬಿಸಿ ನಿಲ್ಲಿಸಿತು. ಗುರುವಿನ ಕರ್ತವ್ಯವೆಂದರೆ ಇದಲ್ಲವೆ?

ವಕೀಲಿಯನ್ನು ಬಿಟ್ಟು ಫಾಸೆಟ್ಟನು ಕೇಂಬ್ರಿಜ್‌ಗೆ ಮರಳಿದನು. ಒಬ್ಬ ಹುಡುಗ ಓದುತ್ತಿದ್ದನು, ಇವನು ಕೇಳುತ್ತಿದ್ದನು. 1863ರಲ್ಲಿ ಅರ್ಥಶಾಸ್ತ್ರದ ಮೇಲೆ ಅವನ ಕೈಪಿಡಿ ಹೊರಬಂದಿತು. ಅದೇ ವರ್ಷ ಅಲ್ಲಿಯೇ ಪ್ರಾಧ್ಯಾಪಕನೂ ಆದನು. ಗ್ರಂಥದಲ್ಲಿ ಹೊಸ ಸಿದ್ಧಾಂತವೇನೂ ಇಲ್ಲ, ಮಿಲ್ಲನ ವಿಚಾರಗಳ ತಿಳಿಯಾದ ನಿರೂಪಣೆಯಷ್ಟೆ. ಆದರೂ ವಿದ್ಯಾರ್ಥಿಗಳಿಗೆ ಅದು ಬಹುಕಾಲ ಪಠ್ಯವಾಗಿತ್ತು.

ಆಟಗಳನ್ನೂ ಅವನು ಬಿಡಲಿಲ್ಲ. ಚಳಿಗಾಲದಲ್ಲಿ ಕೇಂಬ್ರಿಜ್‌ನ ಉತ್ತರದ ಜೌಗು ಬಯಲು ಹೆಪ್ಪುಗಟ್ಟಿದಾಗ ಸ್ಕೇಟಿಂಗ್ ಕಟ್ಟಿಕೊಂಡು ಗೆಳೆಯರೊಡನೆ ದಿನಕ್ಕೆ ಐವತ್ತು ಅರವತ್ತು ಮೈಲಿ ಜಾರುವನು. ಕುದುರೆ ಸವಾರಿ ಮಾಡುವನು. ಗಾಳ ಹಾಕಿ ಸಾಮನ್ ಮೀನು ಹಿಡಿಯುವನು. ಗುರುತು ಚುಚ್ಚಿದ ಎಲೆಗಳಲ್ಲಿ ಇಸ್ಪೀಟು ಆಡುವನು. ಹಿರಿಯ ಅಧ್ಯಾಪಕರ ತಂಡದೊಡನೆ ಕ್ಯಾಮ್ ನದಿಯಲ್ಲಿ ದೋಣಿ ಹುಟ್ಟು ಹಾಕುವನು. ಹುಟ್ಟು ಹಾಕುವವರೆಲ್ಲರೂ ದೋಣಿ ಸಾಗುವ ದಿಕ್ಕಿಗೆ ಬೆನ್ನು ಹಾಕಿಯೇ ಕುಳಿತಿರುತ್ತಾರೆ. ಅಲ್ಲಿ ಬೇಕಾದುದು ನೋಟವಲ್ಲ, ಲಯ.

ಪಾರ್ಲಿಮೆಂಟಿನ ದಾರಿ ಅಷ್ಟು ಸುಗಮವಾಗಿರಲಿಲ್ಲ. ಸಭೆಯನ್ನೇ ಕಾಣಲಾರದವನು ಪ್ರತಿನಿಧಿಯಾಗುವುದು ಹೇಗೆಂದು ಜನ ಶಂಕಿಸಿದರು. ಎರಡು ಬಾರಿ ಸೋತು, 1865ರಲ್ಲಿ ಬ್ರೈಟನ್ನಿನಿಂದ ಆರಿಸಿ ಬಂದನು.

ನಮಗೆ ಅವನು ಸ್ಮರಣೀಯನಾಗುವುದು ಇಲ್ಲಿಂದ ಮುಂದೆ. 1867ರಲ್ಲಿ ತುರ್ಕಿಯ ಸುಲ್ತಾನನಿಗೆ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಭಾರಿ ನೃತ್ಯಕೂಟ ನಡೆಯಿತು. ವೆಚ್ಚವನ್ನು ಹೊರಿಸಿದ್ದು ಭಾರತದ ಬೊಕ್ಕಸದ ಮೇಲೆ! ಲಂಡನ್ನಿನ ಶ್ರೀಮಂತರು ಕುಣಿದುದಕ್ಕೆ ಭಾರತದ ರೈತನು ಏಕೆ ಹಣ ತೆರಬೇಕೆಂಬುದು ಫಾಸೆಟ್ಟನ ಪ್ರಶ್ನೆ. ಅಬಿಸೀನಿಯದ ದಂಡಯಾತ್ರೆಯ ಖರ್ಚಿನಲ್ಲಿ ಒಂದು ಪಾಲನ್ನು ಭಾರತಕ್ಕೆ ಹಾಕಿದಾಗಲೂ ಪ್ರತಿಭಟಿಸಿದನು. ಭಾರತದ ಬಜೆಟ್ಟಿನ ದಿನ ಪಾರ್ಲಿಮೆಂಟಿನ ಬೆಂಚುಗಳು ಬರಿದಾಗಿರುತ್ತಿದ್ದ ಕಾಲವದು. ಈ ಕುರುಡನು ಟಿಪ್ಪಣಿಯ ಚೂರೂ ಇಲ್ಲದೆ ಎದ್ದು ನಿಂತು, ಆಯವ್ಯಯದ ಅಂಕಿಗಳನ್ನು ನೆನಪಿನಿಂದಲೇ ಎಣಿಸಿ ಹೇಳುತ್ತಿದ್ದನು. 1871ರಲ್ಲಿ ಭಾರತದ ಹಣಕಾಸಿನ ಬಗ್ಗೆ ವಿಚಾರಣಾ ಸಮಿತಿ ನೇಮಕವಾಯಿತು. ದಾದಾಭಾಯಿ ನವರೋಜಿಯವರು 1873ರಲ್ಲಿ ಸಾಕ್ಷ್ಯ ನುಡಿದುದು ಇದರ ಮುಂದೆಯೇ. ಫಾಸೆಟ್ಟನು ಬ್ರಿಟಿಷ್ ಆಳ್ವಿಕೆ ತೊಲಗಲೆಂದವನಲ್ಲ. ಲೆಕ್ಕ ನ್ಯಾಯವಾಗಿರಲಿ ಎಂದವನು. ಅಷ್ಟಕ್ಕೇ ಅವನಿಗೆ ಭಾರತದ ಸದಸ್ಯನೆಂಬ ಅಡ್ಡಹೆಸರು ಬಂದಿತು. 1874ರಲ್ಲಿ ಬ್ರೈಟನ್ನಿನಲ್ಲಿ ಸೋತಾಗ ಅವನ ಮುಂದಿನ ಚುನಾವಣೆಯ ವೆಚ್ಚಕ್ಕಾಗಿ ಭಾರತೀಯರು ಚಂದಾ ಎತ್ತಿದರು. ಅದೇ ವರ್ಷ ಹ್ಯಾಕ್ನಿಯಿಂದ ಗೆದ್ದು ಬಂದನು.

1880ರಲ್ಲಿ ಗ್ಲಾಡ್‌ಸ್ಟನ್ನನು ಅವನನ್ನು ಪೋಸ್ಟ್‌ಮಾಸ್ಟರ್ ಜನರಲ್ ಆಗಿ ನೇಮಿಸಿದನು. ಕ್ಯಾಬಿನೆಟ್ಟಿನೊಳಗೆ ಮಾತ್ರ ಸ್ಥಾನ ಕೊಡಲಿಲ್ಲ. ಬಡವರಿಗೆ ಒಂದು ಷಿಲ್ಲಿಂಗ್ ಒಮ್ಮೆಗೆ ಕೂಡಿಸುವುದು ಕಷ್ಟವೆಂದು, ಒಂದು ಚೀಟಿಗೆ ಹನ್ನೆರಡು ಪೆನ್ನಿ ಅಂಚೆಚೀಟಿಗಳನ್ನು ಒಂದೊಂದಾಗಿ ಅಂಟಿಸಿ ಉಳಿತಾಯದ ಬ್ಯಾಂಕಿಗೆ ಕೊಡುವ ಏರ್ಪಾಡು ಮಾಡಿದನು. 1883ರಲ್ಲಿ ಪಾರ್ಸೆಲ್ ಅಂಚೆ ಆರಂಭವಾಯಿತು.

1884ರ ನವೆಂಬರ್ 6ರಂದು 51ನೆಯ ವಯಸ್ಸಿನಲ್ಲಿ ಕೇಂಬ್ರಿಜ್‌ನಲ್ಲಿ ಫಾಸೆಟ್ಟನು ತೀರಿಕೊಂಡನು. ಪತ್ನಿ ಮಿಲಿಸೆಂಟ್ ಸ್ತ್ರೀಯರ ಮತದ ಹಕ್ಕಿಗಾಗಿ ದೀರ್ಘಕಾಲ ಹೋರಾಡಿದಳು. ಮಗಳು ಫಿಲಿಪ್ಪಾ, ತಂದೆ ಏಳನೆಯವನಾಗಿದ್ದ ಅದೇ ಗಣಿತ ಪರೀಕ್ಷೆಗೆ 1890ರಲ್ಲಿ ಕುಳಿತಳು. ಹೆಂಗಸರಿಗೆ ಅಲ್ಲಿ ಆಗ ಪದವಿ ಕೊಡುತ್ತಿರಲಿಲ್ಲ. ಅವಳು ಗಳಿಸಿದ ಅಂಕಗಳು ಮೊದಲನೆಯ ರ‍್ಯಾಂಗ್ಲರ್‌ಗಿಂತಲೂ ಹೆಚ್ಚಾಗಿದ್ದುವು.