ಹಕ್ಕಿಗಳಿಗೆ ಮನೆತನ ಕೊಟ್ಟ ಲಿನೇಯಸ್

ಚೇಕಡಿ ಹಕ್ಕಿಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಗುಬ್ಬಿ ಗಾತ್ರ. ಕರಿ ತಲೆ, ಬಿಳಿ ಕೆನ್ನೆ, ಬೂದು ಬೆನ್ನು, ಎದೆಯಿಂದ ಹೊಟ್ಟೆಗೆ ಇಳಿದ ಕಪ್ಪು ಪಟ್ಟೆ. ಇದರ ಶಾಸ್ತ್ರೀಯ ಹೆಸರು ಪೇರಸ್ ಸಿನೇರಿಯಸ್. ಮೊದಲನೇ ಪದ ಮನೆತನದ ಹೆಸರಿದ್ದ ಹಾಗೆ, ಎರಡನೆಯದು ಅದರ ಸ್ವಂತ ಗುರುತು. ಹೀಗೆ ಎರಡೇ ಪದದಲ್ಲಿ ಹೆಸರಿಡುವುದನ್ನು ಜಗತ್ತಿಗೆಲ್ಲ ರೂಢಿ ಮಾಡಿಸಿದ ಕಾರ್ಲ್ ಲಿನೇಯಸ್ ಅವರ ಬಗ್ಗೆ ನಾನು ಈ ಸಲ ಬರೆಯುತ್ತಿದ್ದೇನೆ.

ಲಿನೇಯಸ್ 1707ರ ಮೇ 23ರಂದು ಸ್ವೀಡನ್ ದೇಶದ ರೋಶುಲ್ಟ್ ಎಂಬಲ್ಲಿ ಹುಟ್ಟಿದರು. ತಂದೆ ಚರ್ಚಿನ ಪಾದ್ರಿ, ಜೊತೆಗೆ ತೋಟದ ಹುಚ್ಚು. ಮಗನಿಗೂ ಅದೇ ಹತ್ತಿತು. ಶಾಲೆಯಲ್ಲಿ ಪಾಠಕ್ಕಿಂತ ಗಿಡಗಳ ಮೇಲೇ ಗಮನ. ಈ ಹುಡುಗ ಪಾದ್ರಿಯಾಗೋಕೆ ಲಾಯಕ್ಕಿಲ್ಲ, ಯಾವುದಾದರೂ ಕೈಕಸುಬಿಗೆ ಹಾಕಿ ಅಂತ ಮೇಷ್ಟ್ರುಗಳು ತಂದೆಗೆ ಹೇಳಿಬಿಟ್ಟರಂತೆ. ಆದರೆ ರೋತ್ಮನ್ ಎಂಬ ವೈದ್ಯರು, ಅವರೂ ಅಲ್ಲಿ ಪಾಠ ಮಾಡುತ್ತಿದ್ದವರೇ, ಹುಡುಗನ ಕೈಬಿಡಲಿಲ್ಲ. ವೈದ್ಯ ಓದಿಸೋಣ ಎಂದು ತಂದೆಯನ್ನು ಒಪ್ಪಿಸಿ, ಸಸ್ಯಶಾಸ್ತ್ರವನ್ನೂ ಶರೀರಶಾಸ್ತ್ರವನ್ನೂ ತಾವೇ ಹೇಳಿಕೊಟ್ಟರು. ಅವರೊಬ್ಬರು ಇಲ್ಲದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು ಅಂತ ನನಗನ್ನಿಸುತ್ತದೆ.

1732ರಲ್ಲಿ ಲಿನೇಯಸ್ ಉತ್ತರದ ಲ್ಯಾಪ್‌ಲ್ಯಾಂಡ್ ಸುತ್ತಿದರು. 1735ರಲ್ಲಿ ಹಾಲೆಂಡಿನಲ್ಲಿ ಅವರ ಸಿಸ್ಟಮಾ ನ್ಯಾಚುರೇ ಎಂಬ ಗ್ರಂಥ ಅಚ್ಚಾಯಿತು. ಆಗ ಅದಕ್ಕೆ ಬೆರಳೆಣಿಕೆಯಷ್ಟೇ ದೊಡ್ಡ ಹಾಳೆಗಳು. 1741ರಲ್ಲಿ ಉಪ್ಸಾಲಾದಲ್ಲಿ ಪ್ರೊಫೆಸರ್ ಆದರು. ಆ ಕಾಲದಲ್ಲಿ ಒಂದೊಂದು ಜೀವಿಯ ಲ್ಯಾಟಿನ್ ಹೆಸರು ಒಂದು ಸಾಲಿನಷ್ಟು ಉದ್ದ ಇರುತ್ತಿತ್ತು. ಅವರು 1753ರಲ್ಲಿ ಗಿಡಗಳಿಗೆ, 1758ರಲ್ಲಿ ಪ್ರಾಣಿಗಳಿಗೆ ಎರಡು ಪದದ ಹೆಸರು ಕೊಟ್ಟರು. ಪ್ರಾಣಿಗಳ ಶಾಸ್ತ್ರೀಯ ಹೆಸರುಗಳ ಲೆಕ್ಕ ಈಗಲೂ ಶುರುವಾಗೋದು 1758ರಿಂದಲೇ.

ಲಿನೇಯಸ್ ಹಕ್ಕಿಗಳನ್ನು ಮುಖ್ಯವಾಗಿ ಕೊಕ್ಕು, ಕಾಲು ನೋಡಿ ವಿಂಗಡಿಸುತ್ತಿದ್ದರು. ಯೂರೋಪಿನ ದೊಡ್ಡ ಚೇಕಡಿ, ನೀಲಿ ಚೇಕಡಿ, ಉದ್ದ ಬಾಲದ ಹಕ್ಕಿ, ಜೊಂಡಿನಲ್ಲಿರುವ ಗಡ್ಡದ ಹಕ್ಕಿ, ಎಲ್ಲವನ್ನೂ ಪೇರಸ್ ಎಂಬ ಒಂದೇ ಮನೆಗೆ ಸೇರಿಸಿದರು. ಮುಂದಿನವರು ಅದನ್ನು ತಿದ್ದಿದರು. ಉದ್ದ ಬಾಲದ್ದು ಬೇರೆ ಕುಟುಂಬಕ್ಕೆ ಹೋಯಿತು. ಗಡ್ಡದ್ದು ಲಾರ್ಕ್ ಹಕ್ಕಿಗಳಿಗೆ ಹತ್ತಿರದ್ದು ಎಂದು ಡಿ.ಎನ್.ಎ. ಪರೀಕ್ಷೆ ತೋರಿಸಿತು. ನೀಲಿ ಚೇಕಡಿ ಕುಟುಂಬದೊಳಗೇ ಬೇರೆ ಮನೆ ಮಾಡಿತು. ನಮ್ಮ ಬೂದು ಚೇಕಡಿಯನ್ನು ಬಹಳ ಕಾಲ ಯೂರೋಪಿನ ದೊಡ್ಡ ಚೇಕಡಿಯ ಒಂದು ಬಗೆ ಅಂದುಕೊಂಡಿದ್ದರು. ಈಗ ಅದು ಬೇರೆಯೇ ಜಾತಿ.

ಇನ್ನೊಂದು ಮಾತನ್ನೂ ಹೇಳಬೇಕು. ಲಿನೇಯಸ್ ಅದೇ ಗ್ರಂಥದಲ್ಲಿ ಮನುಷ್ಯರನ್ನೂ ಖಂಡ, ಬಣ್ಣ ನೋಡಿ ನಾಲ್ಕು ಬಗೆ ಮಾಡಿ, ಒಂದೊಂದಕ್ಕೂ ಒಂದೊಂದು ಗುಣ ಅಂಟಿಸಿದರು. ಯೂರೋಪಿನವರಿಗೆ ಒಳ್ಳೆಯದು, ಆಫ್ರಿಕದವರಿಗೆ ಕೆಟ್ಟದ್ದು! ಹಕ್ಕಿಯ ತಪ್ಪಿನಿಂದ ಯಾರಿಗೂ ನೋವಾಗಲಿಲ್ಲ. ಈ ತಪ್ಪನ್ನು ಹಿಡಿದುಕೊಂಡು ಜನರನ್ನು ಕೀಳಾಗಿ ಕಂಡವರು ಆಮೇಲೆ ಬಹಳ ಮಂದಿ ಬಂದರು. ಮೇಲುನೋಟಕ್ಕೆ ಲಾಯಕ್ಕಿಲ್ಲ ಅನ್ನಿಸಿಕೊಂಡ ಹುಡುಗನೇ ದೊಡ್ಡವನಾಗಿ ಹೀಗೆ ಬರೆದದ್ದು ನನಗೆ ಬೇಸರ ತಂದಿತು.

ಲಿನೇಯಸ್ 1778ರ ಜನವರಿ 10ರಂದು ತೀರಿಕೊಂಡರು. ಅವರ ಪಟ್ಟಿಯಲ್ಲಿ ಎಷ್ಟೋ ಬದಲಾಗಿದೆ, ಎರಡು ಪದದ ಹೆಸರು ಮಾತ್ರ ಉಳಿದಿದೆ. ಚೇಕಡಿ ಕಂಡರೆ ಕೆನ್ನೆ, ಹೊಟ್ಟೆಯ ಪಟ್ಟೆ ನೋಡಿ, ಎಲ್ಲಿ ಕಂಡಿರಿ ಅಂತ ಪುಸ್ತಕದಲ್ಲಿ ಬರೆದಿಡಿ.