ಮಾತೆ ವೆರೋನಿಕಾ: ತಾನು ಕಾಣದ ಬೆಳೆಗೆ ಬೀಜ ಬಿತ್ತಿದವರು

ಕರ್ನಾಟಕದ ಕರಾವಳಿಯ ಸ್ತ್ರೀಶಿಕ್ಷಣದ ಚರಿತ್ರೆಯಲ್ಲಿ ಮಾತೆ ವೆರೋನಿಕಾ ಅವರ ಹೆಸರು ಚಿರಸ್ಥಾಯಿಯಾದುದು. ಸೋಫಿ ಲೀವ್ಸ್ ಎಂಬ ಪೂರ್ವನಾಮದ ಅವರು 1823ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಜನಿಸಿದರು. 1850ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿ, ಮುಂದೆ ಸಂತ ಜೋಸೆಫರ ಭಗಿನಿಯರ ಸಭೆಯಲ್ಲಿ ಸನ್ಯಾಸ ಸ್ವೀಕರಿಸಿದರು.

1860ರ ದಶಕದಲ್ಲಿ ಕಲ್ಲಿಕೋಟೆಯಲ್ಲಿ ಸೇವೆಗೈಯುತ್ತಿದ್ದಾಗ, ಈ ನಾಡಿನ ಬಾಲಿಕೆಯರಿಗೆ ವಿದ್ಯೆ ಎಷ್ಟು ಅವಶ್ಯವೆಂಬುದು ಅವರಿಗೆ ಮನದಟ್ಟಾಯಿತು. ಆದರೆ ಅವರ ಅಂತರಂಗ ಹಂಬಲಿಸಿದ್ದು ಕಾರ್ಮೆಲ್ ಮಠದ ಮೌನಕ್ಕೆ. ಧ್ಯಾನವೋ, ಬೋಧನೆಯೋ? ಈ ತೊಳಲಾಟಕ್ಕೆ ಉತ್ತರವಾಗಿ, ಮುಂದೆ ಮಂಗಳೂರಿನ ಧರ್ಮಾಧ್ಯಕ್ಷರಾದ ಮರಿ ಎಫ್ರೆಮ್ ಅವರ ಪ್ರೇರಣೆಯಿಂದ, 1868ರಲ್ಲಿ ಫ್ರಾನ್ಸಿನ ಬಯೋನ್ ನಗರದಲ್ಲಿ ಅಪೋಸ್ತಲಿಕ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದರು. ಪ್ರಾರ್ಥನೆ ಅದರ ಬೇರು, ಬೋಧನೆ ಅದರ ಫಲ.

1870ರಲ್ಲಿ ಅವರ ಶಿಷ್ಯೆಯರು ಮಂಗಳೂರಿಗೆ ಬಂದಿಳಿದು, ಸಂತ ಆನ್ನರ ಕಾನ್ವೆಂಟಿನಲ್ಲಿ ಬಾಲಿಕೆಯರಿಗೆ ಪಾಠ ಹೇಳತೊಡಗಿದರು. ಸಂಸ್ಥಾಪಕಿ ಮಾತ್ರ ಜೊತೆಯಲ್ಲಿ ಬರಲಿಲ್ಲ. ಕಾರ್ಮೆಲಿನ ಏಕಾಂತಕ್ಕೆ ಮರಳಿದ ಅವರು 1906ರಲ್ಲಿ ಫ್ರಾನ್ಸಿನ ಪೋ ನಗರದಲ್ಲಿ ದೈವಾಧೀನರಾದರು. 1921ರಲ್ಲಿ ಅವರ ಸಭೆಯ ಭಗಿನಿಯರು ಮಂಗಳೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆದರು. 2014ರಲ್ಲಿ ವಿಶ್ವಗುರು ಫ್ರಾನ್ಸಿಸ್ ಅವರು ಮಾತೆಯನ್ನು ಪೂಜನೀಯರೆಂದು ಘೋಷಿಸಿದರು.

ಬಿತ್ತಿದವರು ಬೆಳೆಯನ್ನು ಕಾಣಲೇಬೇಕೆಂಬ ನಿಯಮವಿಲ್ಲ. ಜಮಖಂಡಿ, ಮುಧೋಳ, ಬೀಳಗಿಯ ಹೊಲದ ಮನೆಗಳಲ್ಲಾಗಲಿ, ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಾಗಲಿ, ಮಗಳನ್ನು ಶಾಲೆ ಬಿಡಿಸುವ ಮಾತು ಬಂದಾಗ ಈ ಮಾತೆಯ ನೆನಪಾಗಲಿ. ಅವಳ ಓದಿಗಾಗಿ ಇಂದು ಪಟ್ಟ ಕಷ್ಟದ ಫಲವನ್ನು ತಂದೆತಾಯಿ ಕಾಣದಿದ್ದರೂ ಮೊಮ್ಮಕ್ಕಳು ಉಣ್ಣುವರು.